ನಾಲ್ಕು ಗಂಟೆಗೇ ಕತ್ತಲಾಗುವ ಊರಿನಲ್ಲಿ



ಬಳ್ಳಾರಿಯಿಂದಲೋ ಸಿರುಗುಪ್ಪದಿಂದಲೋ ಕುರುಗೋಡಿನಿಂದಲೋ ನೀವು ಹೆಚ್ಚಿನ ಓದಿಗಾಗಿ ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್ ನಗರಕ್ಕೆ ಹೋದಿರೆಂದು ಇಟ್ಟುಕೊಳ್ಳಿ. ಅಲ್ಲಿ ಮೊದಲು ನಿಮ್ಮನ್ನು ಬೆಚ್ಚಿಬೀಳಿಸುವುದು ಯಾವುದು? ದೊಡ್ಡ ಕಟ್ಟಡಗಳಲ್ಲ, ರೈಲುಗಳಲ್ಲ. ಅವನ್ನೆಲ್ಲ ಚಿತ್ರಗಳಲ್ಲಿ ನೋಡಿಯೇ ಹೋಗಿರುತ್ತೀರಿ. ಡಿಸೆಂಬರ್ ತಿಂಗಳಲ್ಲಿ ಒಂದು ದಿನ ತರಗತಿ ಮುಗಿಸಿ ಹೊರಗೆ ಬರುತ್ತೀರಿ. ಗಡಿಯಾರದಲ್ಲಿ ಇನ್ನೂ ನಾಲ್ಕು ಗಂಟೆ. ಆಗಲೇ ಸೂರ್ಯ ಮುಳುಗಿರುತ್ತಾನೆ!

ಇದಕ್ಕೆ ಕಾರಣ ನಿಮ್ಮ ಭೂಗೋಳದ ಪುಸ್ತಕದಲ್ಲೇ ಇದೆ. ಭೂಮಿಯ ಅಕ್ಷ ಸುಮಾರು 23.5 ಡಿಗ್ರಿಯಷ್ಟು ವಾಲಿದೆ. ಸಮಭಾಜಕ ವೃತ್ತದಿಂದ ದೂರ ಹೋದಷ್ಟೂ ಈ ವಾಲುವಿಕೆಯ ಪರಿಣಾಮ ಹೆಚ್ಚು. ಬಳ್ಳಾರಿ ಇರುವುದು ಸುಮಾರು 15 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ಆದ್ದರಿಂದ ನಮ್ಮ ಅತಿ ಚಿಕ್ಕ ಹಗಲೂ 11 ಗಂಟೆಗೆ ಕಡಿಮೆಯಾಗುವುದಿಲ್ಲ. ಬರ್ಮಿಂಗ್‌ಹ್ಯಾಮ್ 52 ಡಿಗ್ರಿಯನ್ನೂ ದಾಟಿ ಉತ್ತರಕ್ಕಿದೆ. ಅಲ್ಲಿ ಡಿಸೆಂಬರಿನ ಹಗಲು 8 ಗಂಟೆಯೂ ಇರುವುದಿಲ್ಲ. ಜೂನ್‌ನಲ್ಲಾದರೋ 16 ಗಂಟೆ ಮೀರುತ್ತದೆ. ಪಾಠದಲ್ಲಿ ಓದಿದ ಅಂಕಿ ಇದು. ಆದರೆ ಅದು ಮನಸ್ಸಿನ ಮೇಲೆ ಎಷ್ಟು ಭಾರವಾಗಿ ಕೂರುತ್ತದೆ ಎಂಬುದನ್ನು ಪರೀಕ್ಷೆಯಲ್ಲಿ ಯಾರೂ ಕೇಳುವುದಿಲ್ಲ.

ಎರಡನೆಯ ಅನುಭವ ಮುಚ್ಚಿದ ಬಾಗಿಲುಗಳದು. ಕುರುಗೋಡಿನಲ್ಲಿ ಸಂಜೆಯಾದರೆ ಕಟ್ಟೆಯ ಮೇಲೆ ನಾಲ್ಕು ಜನ ಕೂತಿರುತ್ತಾರೆ, "ಊಟ ಆಯ್ತಾ?" ಎಂದು ಕೇಳುವವರಿರುತ್ತಾರೆ. ಅಲ್ಲಿ ಬೀದಿಯುದ್ದಕ್ಕೂ ಬಾಗಿಲು ಹಾಕಿರುತ್ತದೆ, ಕಿಟಕಿಗೆ ಪರದೆ ಎಳೆದಿರುತ್ತದೆ. ಈ ಜನಕ್ಕೆ ಯಾರೂ ಬೇಡ, ನಾನಂತೂ ಬೇಡವೇ ಬೇಡ ಎಂದು ಹೊಸ ವಿದ್ಯಾರ್ಥಿ ತೀರ್ಮಾನಿಸಿಬಿಡುತ್ತಾನೆ. ಕೋಣೆ ಸೇರಿ ತಾನೂ ಬಾಗಿಲು ಹಾಕಿಕೊಳ್ಳುತ್ತಾನೆ. ಎಷ್ಟೋ ಮಂದಿಯ ಮೊದಲ ಚಳಿಗಾಲ ಕಳೆಯುವುದು ಹೀಗೆ.

ಈಗ ಸ್ವಲ್ಪ ಯೋಚಿಸಿ. ಮೇ ತಿಂಗಳ ನಡುಮಧ್ಯಾಹ್ನ ಬರ್ಮಿಂಗ್‌ಹ್ಯಾಮಿನ ಹುಡುಗನೊಬ್ಬ ಸಿರುಗುಪ್ಪಕ್ಕೆ ಬಂದಿಳಿದರೆ ಏನು ಕಾಣುತ್ತಾನೆ? ಬಿಕೋ ಎನ್ನುವ ಬೀದಿ, ಹಾಕಿದ ಕದ, ಮಾತಾಡಿಸಲು ನರಪಿಳ್ಳೆಯೂ ಇಲ್ಲ. ಸಿರುಗುಪ್ಪದವರಿಗೆ ಮನುಷ್ಯರೆಂದರೆ ಆಗುವುದಿಲ್ಲ ಎಂದು ಆತ ಮನೆಗೆ ಬರೆದರೆ ನಿಮಗೆ ನಗು ಬರುವುದಿಲ್ಲವೇ? ನಾವು ಬಿಸಿಲನ್ನು ಹೊರಗಿಡುತ್ತೇವೆ, ಅವರು ಚಳಿಯನ್ನು. ಹಣ ತೆತ್ತು ಕಾಯಿಸಿದ ಮನೆಯ ಶಾಖ ಬಾಗಿಲು ತೆರೆದರೆ ಸೋರಿಹೋಗುತ್ತದೆ.

ಮಾತಿನ ವಿಷಯವೂ ಇಂಥದೇ. "ಹೌ ಆರ್ ಯೂ?" ಎಂದು ಕೇಳಿದವರು ಉತ್ತರಕ್ಕೆ ಕಾಯದೆ ಮುಂದೆ ನಡೆದರೆ ಬೇಸರಿಸಬೇಡಿ. ನಮ್ಮ "ಊಟ ಆಯ್ತಾ?" ಕೂಡ ಯಾವಾಗಲೂ ಊಟಕ್ಕೆ ಕರೆಯುವ ಮಾತೇನಲ್ಲವಷ್ಟೆ. ಇನ್ನು ಆ ಊರಿನವರ ಉಚ್ಚಾರಣೆ ಇಂಗ್ಲಿಷ್ ಮಾಧ್ಯಮದಲ್ಲಿ ಓದಿದವರಿಗೂ ಮೊದಮೊದಲು ಅರ್ಥವಾಗುವುದಿಲ್ಲ. ಈ ವಿಷಯದಲ್ಲಿ ಬಳ್ಳಾರಿಯವರು ಅದೃಷ್ಟವಂತರೆಂದೇ ನನ್ನ ಭಾವನೆ. ಒಂದೇ ಬೀದಿಯಲ್ಲಿ ಕನ್ನಡ, ತೆಲುಗು, ಉರ್ದು ಕೇಳಿ ಬೆಳೆದ ಕಿವಿ ಬೇಗ ಹೊಂದಿಕೊಳ್ಳುತ್ತದೆ.

ಬರ್ಮಿಂಗ್‌ಹ್ಯಾಮನ್ನೇ ಆರಿಸಿದ್ದಕ್ಕೆ ಒಂದು ಕಾರಣವಿದೆ. ತೀರ್ಥಹಳ್ಳಿ ಸೀಮೆಯ ಮೇಳಿಗೆಯಲ್ಲಿ ಹುಟ್ಟಿದ ಯು. ಆರ್. ಅನಂತಮೂರ್ತಿಯವರು 1960ರ ದಶಕದಲ್ಲಿ ವಿದ್ಯಾರ್ಥಿವೇತನ ಪಡೆದು ಅಲ್ಲಿಗೆ ಹೋಗಿ, 1966ರಲ್ಲಿ ಪಿಎಚ್.ಡಿ. ಪಡೆದರು. ಅಲ್ಲಿ ಅವರು ಬರ್ಗ್‌ಮನ್‌ನ 'ದಿ ಸೆವೆಂತ್ ಸೀಲ್' ಎಂಬ ಸ್ವೀಡಿಷ್ ಚಿತ್ರವನ್ನು ನೋಡಿದರು. ತೆರೆಯ ಮೇಲೆ ಇಂಗ್ಲಿಷ್ ಅನುವಾದವೂ ಇರಲಿಲ್ಲ, ಮಾತು ಪೂರ್ತಿ ತಿಳಿಯುವಂತಿರಲಿಲ್ಲ. ಪ್ಲೇಗಿನ ಕಾಲದ ಯೂರೋಪಿನ ಆ ಕಥೆ ಅವರನ್ನು ಊರಿನ ನೆನಪುಗಳ ಕಡೆಗೆ ತಿರುಗಿಸಿತು. 1965ರಲ್ಲಿ ಪ್ರಕಟವಾದ 'ಸಂಸ್ಕಾರ' ಕಾದಂಬರಿಯ ಅಗ್ರಹಾರಕ್ಕೂ ಪ್ಲೇಗು ಬರುತ್ತದೆ. ಮಲೆನಾಡಿನ ಆ ಅಗ್ರಹಾರವನ್ನು ಅವರು ಬರೆದದ್ದು ಈ ಬೇಗ ಕತ್ತಲಾಗುವ ಊರಿನಲ್ಲಿ ಕುಳಿತು.

ಕೊನೆಗೊಂದು ಸಣ್ಣ ಲೆಕ್ಕ. ಚಳಿಗಾಲದಲ್ಲಿ ಅಲ್ಲಿಗೂ ನಮಗೂ ಐದೂವರೆ ಗಂಟೆಯ ವ್ಯತ್ಯಾಸ. ಬೇಸಿಗೆಯಲ್ಲಿ ಅವರು ಗಡಿಯಾರ ಒಂದು ಗಂಟೆ ಮುಂದಿಡುವುದರಿಂದ ನಾಲ್ಕೂವರೆ. ಚಳಿಗಾಲದಲ್ಲಿ ಊಟ ಮುಗಿಸಿ ರಾತ್ರಿ ಎಂಟಕ್ಕೆ ನೀವು ಫೋನ್ ಮಾಡಿದರೆ ಸಿರುಗುಪ್ಪದಲ್ಲಿ ರಾತ್ರಿ ಒಂದೂವರೆ. ಏನಾಯಿತೋ ಎಂದು ಅಮ್ಮ ಗಾಬರಿಯಿಂದ ಎದ್ದು ಕೂರುತ್ತಾಳೆ. ಮಧ್ಯಾಹ್ನ ಎರಡೂವರೆಗೆ ಮಾಡಿ. ಅವಳಿಗೆ ಆಗ ರಾತ್ರಿ ಎಂಟು, ನಿಮಗೆ ಇನ್ನೂ ಬೆಳಕಿರುತ್ತದೆ.