ಸೈಕಲ್ಲಿನ ಹಿಂದೆಯೂ ಶಾಕ್ ಇದ್ದರೆ ಬೆನ್ನಿಗೆ ಒಳ್ಳೆಯದೇ? ಕೊಳ್ಳುವ ಮುನ್ನ ಇದನ್ನು ಓದಿ

"ಎರಡೂ ಬದಿ ಶಾಕ್ ಇತ್ತ್ ಮಾರಾಯ, ಹೊಂಡ ಗೊತ್ತೇ ಆತಿಲ್ಲೆ!"

ಬಸ್ರೂರಿನ ಹುಡುಗನೊಬ್ಬ ಕುಂದಾಪುರದ ಕಾಲೇಜಿಗೆ ಸೈಕಲ್ಲಿನಲ್ಲಿ ಹೋಗಬೇಕೆಂದರೆ ಮನೆಯವರಿಗೆ ಸಿಗುವ ಮೊದಲ ಸಲಹೆ ಇಂಥದ್ದೇ. ಮುಂದೆ ಒಂದು, ಸೀಟಿನ ಕೆಳಗೆ ಇನ್ನೊಂದು ಸ್ಪ್ರಿಂಗ್. ನೋಡಲು ಮೋಟಾರ್ ಬೈಕ್ ಹಾಗೆ. ಬೆಲೆಯೂ ಕೈಗೆಟುಕುತ್ತದೆ. ಆದರೆ ಆ ಹಿಂದಿನ ಸ್ಪ್ರಿಂಗ್ ನಿಜವಾಗಿ ಏನು ಮಾಡುತ್ತದೆ? ಸ್ವಲ್ಪ ಬಿಡಿಸಿ ನೋಡೋಣ.

ಸ್ಪ್ರಿಂಗ್ ಬೇರೆ, ಶಾಕ್ ಬೇರೆ

ಸ್ಪ್ರಿಂಗ್ ಅದುಮಿದರೆ ಶಕ್ತಿಯನ್ನು ಹಿಡಿದಿಟ್ಟುಕೊಳ್ಳುತ್ತದೆ, ಬಿಟ್ಟರೆ ಹೆಚ್ಚುಕಡಿಮೆ ಅಷ್ಟನ್ನೂ ವಾಪಸ್ ಕೊಡುತ್ತದೆ. ಅಂದರೆ ಹೊಂಡದ ಹೊಡೆತ ಮಾಯವಾಗುವುದಿಲ್ಲ, ಮರುಕ್ಷಣ ನಮ್ಮನ್ನು ಮೇಲಕ್ಕೆ ಎತ್ತಿಹಾಕುತ್ತದೆ.

ಒಳ್ಳೆಯ ಶಾಕ್‌ನಲ್ಲಿ ಸ್ಪ್ರಿಂಗ್ ಜೊತೆಗೆ ಎಣ್ಣೆ ತುಂಬಿದ ಕೊಳವೆ ಇರುತ್ತದೆ. ಎಣ್ಣೆ ಸಣ್ಣ ತೂತುಗಳ ಮೂಲಕ ನುಗ್ಗುವಾಗ ಹೊಡೆತದ ಶಕ್ತಿ ಬಿಸಿಯಾಗಿ ಕಳೆದುಹೋಗುತ್ತದೆ. ಇದೇ ಡ್ಯಾಂಪಿಂಗ್. ಶಾಕ್ ಎಣ್ಣೆ ಸೋರಿಹೋದ ಸ್ಕೂಟರ್ ಹೇಗೆ ಕುಣಿಯುತ್ತದೆ ಎಂದು ಗೊತ್ತಲ್ಲ? ಕಡಿಮೆ ಬೆಲೆಯ ಹಲವು 'ಡಬಲ್ ಶಾಕ್' ಸೈಕಲ್‌ಗಳಲ್ಲಿ ಹಿಂದೆ ಇರುವುದು ಬರೀ ಸ್ಪ್ರಿಂಗ್. ಹೊಸತರಲ್ಲೇ ಎಣ್ಣೆ ಸೋರಿದ ಸ್ಕೂಟರಿನ ಹಾಗೆ!

ಅಂಗಡಿಯಲ್ಲೇ ಪರೀಕ್ಷೆ ಮಾಡಬಹುದು. ಸೀಟನ್ನು ಜೋರಾಗಿ ಕೆಳಗೆ ಒತ್ತಿ ಬಿಡಿ. ಎರಡು ಮೂರು ಸಲ ಕುಣಿದರೆ ಡ್ಯಾಂಪಿಂಗ್ ಇಲ್ಲ. ಒಮ್ಮೆ ಮೇಲೆ ಬಂದು ಸುಮ್ಮನಾದರೆ ಇದೆ.

'750' ಎಂದರೆ ಭಾರ ಹೊರುವ ಶಕ್ತಿಯೇ?

ಸ್ಪ್ರಿಂಗ್ ಮೇಲೆ '750 ಎಲ್‌ಬಿಎಸ್' ಎಂದು ಬರೆದಿರುವುದನ್ನು ನೋಡಿರಬಹುದು. 750 ಪೌಂಡ್ ಎಂದರೆ ಸುಮಾರು 340 ಕೆ.ಜಿ. ಹಾಗಾಗಿ "ಇದು ಮುನ್ನೂರು ಕೆ.ಜಿ. ಹೊರುತ್ತದೆ" ಎಂಬ ಮಾತು ಹುಟ್ಟಿಕೊಳ್ಳುತ್ತದೆ. ಇದು ತಪ್ಪು. ಸ್ಪ್ರಿಂಗನ್ನು ಒಂದು ಅಂಗುಲ ಅದುಮಲು ಎಷ್ಟು ಬಲ ಬೇಕು ಎಂಬ ಲೆಕ್ಕ ಅದು. ಸಂಖ್ಯೆ ದೊಡ್ಡದಾದಷ್ಟೂ ಸ್ಪ್ರಿಂಗ್ ಗಟ್ಟಿ. ಹಗುರ ಮೈಯ ಮಕ್ಕಳಿಗೆ ಅದು ಅದುಮುವುದೇ ಕಡಿಮೆ.

ಹಾಗಾದರೆ ಹಿಂದಿನ ಶಾಕ್ ಬೇಡವೇ?

ಎಲ್ಲಿ ಓಡಿಸುತ್ತೀರಿ ಎಂಬುದರ ಮೇಲೆ ಹೋಗುತ್ತದೆ. ಬಸ್ರೂರು–ಕುಂದಾಪುರ ರಸ್ತೆಗಾಗಲಿ, ಬಾಳೆಬರೆ ಘಾಟಿಯ ಏರಿಗಾಗಲಿ ಹಿಂದಿನ ಶಾಕ್ ಬೇಕಿಲ್ಲ. ಏರಿನಲ್ಲಿ ಪೆಡಲ್ ತುಳಿದಾಗಲೆಲ್ಲ ಹಿಂಭಾಗ ಮೇಲೆ ಕೆಳಗೆ ತೂಗಿ, ಕಾಲಿನ ಶಕ್ತಿಯಲ್ಲಿ ಒಂದು ಪಾಲು ಅದಕ್ಕೇ ಹೋಗುತ್ತದೆ. ಹೆಚ್ಚಿನ ತೂಕ ಬೇರೆ.

ಕಾಡಿನ ಬೇರು, ಮುರಕಲ್ಲಿನ ಮೆಟ್ಟಿಲಿನಂಥ ಇಳಿಜಾರು, ಉರುಳುಗಲ್ಲು ಇರುವಲ್ಲಿ ಮಾತ್ರ ಅದರ ನಿಜವಾದ ಲಾಭ. ಅಲ್ಲಿ ಚಕ್ರ ನೆಲ ಬಿಡುವುದಿಲ್ಲ, ಬ್ರೇಕ್ ಹಿಡಿತ ತಪ್ಪುವುದಿಲ್ಲ.

2012ರ ಲಂಡನ್ ಒಲಿಂಪಿಕ್ಸ್‌ನ ಮೌಂಟನ್ ಬೈಕ್ ಸ್ಪರ್ಧೆಯನ್ನೇ ನೋಡಿ. ಚಿನ್ನ ಗೆದ್ದ ಚೆಕ್ ದೇಶದ ಯಾರೊಸ್ಲಾವ್ ಕುಲ್ಹವಿ ಅವರದು ಎರಡೂ ಕಡೆ ಸಸ್ಪೆನ್ಶನ್ ಇದ್ದ ಸೈಕಲ್. ಬೆಳ್ಳಿ ಪಡೆದ ಸ್ವಿಟ್ಜರ್ಲೆಂಡಿನ ನೀನೊ ಶುರ್ಟರ್ ಅವರದು ಮುಂದೆ ಮಾತ್ರ ಇದ್ದ 'ಹಾರ್ಡ್‌ಟೇಲ್'. ಅಂತರ ಒಂದೇ ಸೆಕೆಂಡ್!

ನಿಜವಾಗಿಯೂ ಕೊಳ್ಳುವವರಿಗೆ

ಗಾಳಿಯೋ, ಸ್ಪ್ರಿಂಗೋ? ಗಾಳಿಯ ಶಾಕ್ ಹಗುರ. ನಮ್ಮ ತೂಕಕ್ಕೆ ತಕ್ಕಂತೆ ಗಾಳಿ ಹೆಚ್ಚು ಕಡಿಮೆ ಮಾಡಬಹುದು. ಆದರೆ ಅದಕ್ಕೆ ಪ್ರತ್ಯೇಕ ಶಾಕ್ ಪಂಪ್ ಬೇಕು, ಒಳಗಿನ ಸೀಲ್‌ಗಳನ್ನು ಕಾಲಕಾಲಕ್ಕೆ ಬದಲಿಸಬೇಕು. ಸ್ಪ್ರಿಂಗ್ ಶಾಕ್ ಭಾರ, ಆದರೆ ಸಣ್ಣ ಕುಲುಕನ್ನೂ ಚೆನ್ನಾಗಿ ನುಂಗುತ್ತದೆ. ಸವಾರನ ತೂಕ ತೀರಾ ಬೇರೆಯಾದರೆ ಸ್ಪ್ರಿಂಗನ್ನೇ ಬದಲಿಸಬೇಕು.

ಎಷ್ಟು ಚಲನೆ? ಹಿಂದಿನ ಚಕ್ರ ಎಷ್ಟು ಮೇಲೇರಬಲ್ಲದು ಎಂಬ ಲೆಕ್ಕ ಇದು. ಏರು-ಇಳಿವು ಎರಡೂ ಇರುವ ದೂರದ ಸವಾರಿಗೆ 100–120 ಮಿ.ಮೀ. ಸಾಕು. ಒರಟು ಕಾಡುದಾರಿಗೆ 120–150. ಬರೀ ಕಡಿದಾದ ಇಳಿಜಾರಿನ ಸ್ಪರ್ಧೆಗೆ 200ರ ಆಸುಪಾಸು.

ಕೂತಾಗ ಎಷ್ಟು ಇಳಿಯಬೇಕು? ಸುಮ್ಮನೆ ಕೂತಾಗಲೇ ಶಾಕ್ ತನ್ನ ಚಲನೆಯ ಶೇ 25–30ರಷ್ಟು ಇಳಿದಿರಬೇಕು. 50 ಮಿ.ಮೀ. ಚಲಿಸುವ ಶಾಕ್ ಆದರೆ 12ರಿಂದ 15 ಮಿ.ಮೀ. ಅನೇಕ ಶಾಕ್‌ಗಳ ಮೇಲಿರುವ ರಬ್ಬರ್ ಉಂಗುರ ಇದನ್ನು ಅಳೆಯಲಿಕ್ಕೇ.

ಲಾಕ್ ಇದೆಯೇ? ಏರಿನಲ್ಲಿ ಶಾಕ್ ಗಟ್ಟಿಯಾಗಿಸುವ ಸಣ್ಣ ಸನ್ನೆ ಇದ್ದರೆ ಪೆಡಲ್ ಶ್ರಮ ಉಳಿಯುತ್ತದೆ. ಮರಳಿ ಬರುವ ವೇಗ ಹೊಂದಿಸುವ ತಿರುಗಣೆಯೂ ಇರಲಿ.

ಎಷ್ಟು ಕೀಲು? ಒಂದೇ ಕೀಲಿನ ಚೌಕಟ್ಟು ಸರಳ. ನಾಲ್ಕಾರು ಕೀಲುಗಳ ಜೋಡಣೆ ಪೆಡಲ್ ತುಳಿತ ಮತ್ತು ಬ್ರೇಕ್ ಹಿಡಿತಕ್ಕೆ ಒಳ್ಳೆಯದು, ಆದರೆ ಪ್ರತಿ ಕೀಲಿನಲ್ಲೂ ಬೇರಿಂಗ್ ಇದೆ. ನಮ್ಮ ಕರಾವಳಿಯ ಉಪ್ಪುಗಾಳಿ, ತಿಂಗಳುಗಟ್ಟಲೆ ಮಳೆ, ಕೆಂಪು ಕೆಸರು ಬೇರಿಂಗ್‌ಗಳ ಶತ್ರು. ಆದ್ದರಿಂದ ಬಿಡಿಭಾಗ ಎಲ್ಲಿ ಸಿಗುತ್ತದೆ, ಶಾಕ್ ಸರ್ವಿಸ್ ಯಾರು ಮಾಡುತ್ತಾರೆ ಎಂದು ಹಣ ಕೊಡುವ ಮೊದಲೇ ಕೇಳಿ. ಹಿಂದಿನ ಚಕ್ರ ಹಿಡಿದು ಪಕ್ಕಕ್ಕೆ ಅಲುಗಿಸಿ. ಕೀಲಿನಲ್ಲಿ ಆಟವಿದ್ದರೆ ಆ ಸೈಕಲ್ ಬೇಡ.

ಬೆನ್ನಿನ ಮಾತು

ರಸ್ತೆಯ ಕುಲುಕು ತಗ್ಗಿಸಲು ಅಗಲದ ಟಯರ್, ಅದರಲ್ಲಿ ಹದವಾದ ಗಾಳಿ, ಕಾಲಳತೆಗೆ ಸರಿಹೊಂದಿದ ಸೀಟು ಇಷ್ಟೇ ಬಹಳ ಕೆಲಸ ಮಾಡುತ್ತವೆ. ಬೆನ್ನುನೋವು ಆಗಲೇ ಇದ್ದರೆ ಕೇಳಬೇಕಾದದ್ದು ವೈದ್ಯರನ್ನು, ಸೈಕಲ್ ಅಂಗಡಿಯನ್ನಲ್ಲ.

ಫಾರ್ವರ್ಡ್ ಮಾಡುವುದಾದರೆ ಇಷ್ಟನ್ನು ಮಾಡಿ: ಹಣ ಕಡಿಮೆ ಇದ್ದರೆ ಹಿಂದಿನ ಶಾಕ್ ಬಿಟ್ಟುಬಿಡಿ, ಅದೇ ಹಣಕ್ಕೆ ಒಳ್ಳೆಯ ಬ್ರೇಕ್, ಟಯರ್, ಗೇರ್ ಇರುವ ಸೈಕಲ್ ಕೊಳ್ಳಿ. ಶಾಕ್ ಬೇಕೇ ಬೇಕೆಂದರೆ, ಮೊದಲು ಸೀಟು ಒತ್ತಿ ನೋಡಿ.