ಹದಿಹರೆಯದವರಲ್ಲಿ ಲಿಂಗತ್ವ ಭಿನ್ನತೆ ಮತ್ತು ಸಹಪಾಠಿಗಳ ಸಂಬಂಧ

(ಹಾಸನ ಜಿಲ್ಲೆಯ ಅರಸೀಕೆರೆ ಹಾಗೂ ಬೇಲೂರು ತಾಲ್ಲೂಕುಗಳ ಪೋಷಕರು, ಶಿಕ್ಷಕರು ಮತ್ತು ವಿದ್ಯಾರ್ಥಿಗಳ ಮಾಹಿತಿಗಾಗಿ)

ಪೀಠಿಕೆ
10ರಿಂದ 19 ವರ್ಷದವರೆಗಿನ ವಯಸ್ಸನ್ನು ಹದಿಹರೆಯವೆಂದು ವಿಶ್ವ ಆರೋಗ್ಯ ಸಂಸ್ಥೆಯು ಗುರುತಿಸಿದೆ. ಈ ವಯಸ್ಸಿನಲ್ಲಿ ತಂದೆ-ತಾಯಿಯರ ಮಾತಿಗಿಂತ ಸಹಪಾಠಿಗಳ ಮಾತೇ ಮನಸ್ಸಿಗೆ ಹೆಚ್ಚು ನಾಟುವುದುಂಟು. ಹೆಣ್ಣು ಹೀಗಿರಬೇಕು, ಗಂಡು ಹೀಗಿರಬೇಕು ಎಂಬ ರೂಢಿಗೆ ಹೊಂದದ ನಡೆ, ನುಡಿ, ಉಡುಪು ಅಥವಾ ಆಸಕ್ತಿಯುಳ್ಳ ಮಕ್ಕಳು ಈ ಕಾರಣದಿಂದ ಹೆಚ್ಚು ನೋಯುತ್ತಾರೆ.

ಶಿಲ್ಪದಲ್ಲಿ ಮೆಚ್ಚುಗೆ, ಶಾಲೆಯಲ್ಲಿ ಹಾಸ್ಯ
ಬೇಲೂರಿನ ಚೆನ್ನಕೇಶವ ದೇವಾಲಯದ ಮದನಿಕೆಯರಲ್ಲಿ ಬೇಟೆಗಾರ್ತಿಯಿದ್ದಾಳೆ. ಒಳಗಿನ ಕಂಬವೊಂದರಲ್ಲಿ ವಿಷ್ಣುವು ಮೋಹಿನಿಯ ರೂಪದಲ್ಲಿದ್ದಾನೆ. ಬೇಲೂರು, ಹಳೇಬೀಡುಗಳಿಗೆ ಶಾಲಾ ಪ್ರವಾಸ ಬರುವ ಮಕ್ಕಳಿಗೆ ಇವನ್ನು ಹೆಮ್ಮೆಯಿಂದ ತೋರಿಸುತ್ತೇವೆ. ಆದರೆ ಮೆಲುದನಿಯ ಹುಡುಗನನ್ನು ‘ಹೆಣ್ಣಿಗ’ನೆಂದೂ ಆಟದಲ್ಲಿ ಮುಂದಿರುವ ಹುಡುಗಿಯನ್ನು ‘ಗಂಡುಬೀರಿ’ಯೆಂದೂ ಹಂಗಿಸಿದಾಗ ಸುಮ್ಮನಿರುತ್ತೇವೆ.

ತಿಳಿಯಬೇಕಾದ ಅಂಶಗಳು
1. ಇದು ರೋಗವಲ್ಲ. ಇಂತಹ ಮಕ್ಕಳೆಲ್ಲರೂ ಲಿಂಗತ್ವ ಅಲ್ಪಸಂಖ್ಯಾತರೇ ಆಗಿರುತ್ತಾರೆಂದೂ ತಿಳಿಯಬಾರದು. ಮಗುವಿಗೆ ಹಣೆಪಟ್ಟಿ ಹಚ್ಚುವ ಅಧಿಕಾರ ಯಾರಿಗೂ ಇಲ್ಲ.
2. ನಿರಂತರ ಅಪಹಾಸ್ಯದಿಂದ ಮಗು ಶಾಲೆಗೆ ಹೋಗಲು ಅಂಜುವುದು, ಶೌಚಾಲಯ ಬಳಸದಿರುವುದು, ಒಂಟಿಯಾಗುವುದು, ಶಾಲೆ ಬಿಡುವುದು ಹಾಗೂ ಆತ್ಮಹತ್ಯೆಯ ಆಲೋಚನೆಗೂ ಒಳಗಾಗುವುದು ಸಾಧ್ಯ.
3. ಬಿಡದೆ ಜೊತೆಗಿರುವ ಒಬ್ಬ ಗೆಳೆಯ ಅಥವಾ ಗೆಳತಿಯೂ ಈ ಮಕ್ಕಳಿಗೆ ದೊಡ್ಡ ರಕ್ಷಣೆ.

ಕಾನೂನಿನ ಆಸರೆ
ಸರ್ವೋಚ್ಚ ನ್ಯಾಯಾಲಯವು 2014ರ ಏಪ್ರಿಲ್ 15ರ ತೀರ್ಪಿನಲ್ಲಿ ಲಿಂಗತ್ವ ಅಲ್ಪಸಂಖ್ಯಾತರನ್ನು ತೃತೀಯ ಲಿಂಗವೆಂದು ಮಾನ್ಯ ಮಾಡಿತು. ಕರ್ನಾಟಕ ಸರ್ಕಾರವು 2017ರಲ್ಲಿ ಪ್ರತ್ಯೇಕ ನೀತಿಯನ್ನು ರೂಪಿಸಿತು. ಕೇಂದ್ರದ 2019ರ ಅಧಿನಿಯಮವು ಶಿಕ್ಷಣ ಸಂಸ್ಥೆಗಳಲ್ಲಿ ಇವರಿಗೆ ತಾರತಮ್ಯ ಮಾಡುವುದನ್ನು ನಿಷೇಧಿಸಿದೆ. ಹದಿಹರೆಯದಲ್ಲಿ ಮನೆಯ ಆಸರೆ ಕಳೆದುಕೊಂಡ ಮಂಜಮ್ಮ ಜೋಗತಿಯವರು 2019ರಲ್ಲಿ ಕರ್ನಾಟಕ ಜಾನಪದ ಅಕಾಡೆಮಿಯ ಅಧ್ಯಕ್ಷರಾದರು. 2021ರಲ್ಲಿ ಪದ್ಮಶ್ರೀ ಪುರಸ್ಕೃತರಾದರು. ಆಸರೆ ತಪ್ಪಿದ ಎಲ್ಲ ಮಕ್ಕಳಿಗೂ ಇಂತಹ ದಾರಿ ದೊರೆಯುವುದಿಲ್ಲ.

ನಮ್ಮೆಲ್ಲರ ಕರ್ತವ್ಯ
• ಪೋಷಕರು: ಹೊಡೆದು, ಹೆದರಿಸಿ ‘ಸರಿಪಡಿಸಲು’ ಯತ್ನಿಸಬೇಡಿ. ಮಗುವಿನ ಮಾತನ್ನು ಪೂರ್ತಿ ಕೇಳಿ.
• ಶಿಕ್ಷಕರು: ಅಡ್ಡಹೆಸರು ಕಿವಿಗೆ ಬಿದ್ದ ಕೂಡಲೇ ತಡೆಯಿರಿ. ಮಗು ಹೇಳಿಕೊಂಡ ವಿಷಯವನ್ನು ಗೋಪ್ಯವಾಗಿಡಿ.
• ವಿದ್ಯಾರ್ಥಿಗಳು: ಇತರರು ನಗುವಾಗ ನೀವು ನಗಬೇಡಿ. ಊಟದ ವೇಳೆ ಆ ಸಹಪಾಠಿಯ ಪಕ್ಕದಲ್ಲಿ ಕುಳಿತುಕೊಳ್ಳಿ.

ನೆರವಿಗಾಗಿ
ಮಕ್ಕಳ ಸಹಾಯವಾಣಿ: 1098. ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ-ಮನಸ್: 14416. ಇವೆರಡೂ ಉಚಿತವಾಗಿದ್ದು, ದಿನದ 24 ಗಂಟೆಯೂ ಲಭ್ಯವಿರುತ್ತವೆ.