ಟೆನಿಸ್‌ನಲ್ಲಿ ‘ಲವ್’ ಎಂದರೆ ಸೊನ್ನೆ!

ಟಿ.ವಿ.ಯಲ್ಲಿ ಟೆನಿಸ್ ಬಂದ ಕೂಡಲೇ ಚಾನೆಲ್ ತಿರುಗಿಸುವ ಸೋದರಿಯರೇ ನಮ್ಮಲ್ಲಿ ಹೆಚ್ಚು. “ಅದೇನ್ರೀ ಅದು, ಹದಿನೈದು, ಮೂವತ್ತು, ನಲವತ್ತು ಅಂತ! ಒಂದು, ಎರಡು, ಮೂರು ಅಂತ ಎಣಿಸೋಕೆ ಬರಲ್ವೇ ಅವರಿಗೆ?” ಎಂದು ನೀವೂ ಕೇಳಿರಬಹುದು. ಆದರೆ ಈ ಆಟದ ಹಿಂದೆ ಒಂದು ಕಥೆ ಇದೆ. ಅದು ಚೆಂಡಿನ ಕಥೆಗಿಂತ ಹೆಚ್ಚಾಗಿ ದುಡ್ಡಿನ ಕಥೆ. ದುಡಿದವರ ಕೈಗೆ ಕೂಲಿ ಸೇರಿತೇ ಇಲ್ಲವೇ ಎನ್ನುವ ಕಥೆ. ಬೆಳಗ್ಗೆ ಐದಕ್ಕೆ ಎದ್ದು ರಾತ್ರಿ ಹತ್ತಕ್ಕೆ ಅಡುಗೆಮನೆ ದೀಪ ಆರಿಸುವ ನಮಗೆ ಇದು ಬೇರೆಯವರಿಗಿಂತ ಬೇಗ ಅರ್ಥವಾಗುತ್ತದೆ.

ಮೊದಲು ಆ ಲೆಕ್ಕವನ್ನು ತಿಳಿದುಕೊಂಡುಬಿಡೋಣ. ಮೊದಲ ಪಾಯಿಂಟಿಗೆ ಹದಿನೈದು, ಎರಡನೆಯದಕ್ಕೆ ಮೂವತ್ತು, ಮೂರನೆಯದಕ್ಕೆ ನಲವತ್ತು. ಇನ್ನೊಂದು ಗೆದ್ದರೆ ಒಂದು ಗೇಮ್ ನಿಮ್ಮದು. ಇಬ್ಬರೂ ನಲವತ್ತಕ್ಕೆ ಬಂದು ನಿಂತರೆ ಮಾತ್ರ ಒಬ್ಬರು ಎರಡು ಪಾಯಿಂಟ್ ಮುಂದೆ ಹೋಗಬೇಕು. ಆರು ಗೇಮ್ ಗೆದ್ದರೆ ಒಂದು ಸೆಟ್, ಆದರೆ ಎದುರಾಳಿಗಿಂತ ಎರಡು ಗೇಮ್ ಮುಂದಿರಬೇಕು. ಹೆಂಗಸರು ಮೂರರಲ್ಲಿ ಎರಡು ಸೆಟ್ ಗೆದ್ದರೆ ಪಂದ್ಯ ಮುಗಿಯಿತು. ದೊಡ್ಡ ಪಂದ್ಯಾವಳಿಗಳಲ್ಲಿ ಗಂಡಸರು ಐದರಲ್ಲಿ ಮೂರು ಗೆಲ್ಲಬೇಕು. ಇಷ್ಟೇ! ಇನ್ನು ಸೊನ್ನೆಗೆ ಅವರು ಏನನ್ನುತ್ತಾರೆ ಗೊತ್ತೇ? ‘ಲವ್’! ಪ್ರೀತಿ ಎಂದರೆ ಸೊನ್ನೆ! ನಗು ಬರುತ್ತದಲ್ಲವೇ? ಆದರೆ ಬಹಳ ವರ್ಷ ಆ ಆಟಗಾರರ ಪಾಲಿಗೆ ಈ ಮಾತು ನಿಜವೇ ಆಗಿತ್ತು.

ಪ್ರೀತಿಯ ಹೆಸರಿನಲ್ಲಿ ದುಡಿಮೆ

1968ರವರೆಗೆ ವಿಂಬಲ್ಡನ್‌ನಂಥ ದೊಡ್ಡ ಪಂದ್ಯಾವಳಿಗಳಲ್ಲಿ ‘ಅಮೆಚೂರ್’ಗಳು, ಅಂದರೆ ಹವ್ಯಾಸಿಗಳು, ಮಾತ್ರ ಆಡಬೇಕಿತ್ತು. ದುಡ್ಡಿಗಾಗಿ ಅಲ್ಲ, ಆಟದ ಮೇಲಿನ ಪ್ರೀತಿಗಾಗಿ ಆಡುವವರು ಎಂದು ಆ ಪದದ ಅರ್ಥ. ಕೇಳುವುದಕ್ಕೆ ಎಷ್ಟು ಚೆನ್ನಾಗಿದೆ! ಆದರೆ ಟಿಕೆಟ್ ಮಾರಾಟವಾಗುತ್ತಿತ್ತು, ಗ್ಯಾಲರಿ ತುಂಬುತ್ತಿತ್ತು, ಹಣ ಬರುತ್ತಿತ್ತು. ಬಿಸಿಲಲ್ಲಿ ಬೆವರು ಸುರಿಸಿದವರಿಗೆ ಒಂದು ಕಪ್ಪು, ಒಂದು ಚಪ್ಪಾಳೆ, ಮತ್ತೆ ಪ್ರಯಾಣದ ಖರ್ಚು. ಹೆಸರು ಮಾಡಿದವರಿಗೆ ಮಾತ್ರ ಯಾರಿಗೂ ಕಾಣದ ಹಾಗೆ ಲಕೋಟೆಯಲ್ಲಿ ಒಂದಿಷ್ಟು ಹಣ ಸೇರುತ್ತಿತ್ತು. ಬಹಿರಂಗವಾಗಿ “ನನ್ನ ದುಡಿಮೆಗೆ ಹಣ ಕೊಡಿ” ಎಂದವರಿಗೆ ಬಾಗಿಲು ಬಂದ್.

ಹಾಗೆ ಮೊದಲು ಕೇಳಿದ ದೊಡ್ಡ ಹೆಸರು ಒಬ್ಬ ಹೆಂಗಸಿನದು. ಫ್ರಾನ್ಸಿನ ಸುಜಾನ್ ಲಾಂಗ್ಲೆನ್ 1919ರಿಂದ 1925ರೊಳಗೆ ಆರು ಸಲ ವಿಂಬಲ್ಡನ್ ಗೆದ್ದವಳು. 1926ರಲ್ಲಿ ಆಕೆ 50,000 ಡಾಲರಿನ ಕರಾರಿಗೆ ಸಹಿ ಹಾಕಿ ಅಮೆರಿಕದ ಊರೂರು ಸುತ್ತಿ ಆಡಿದಳು. ಜನ ಮೂಗು ಮುರಿದರು. ಆಕೆ ಮಾತ್ರ ಅಳುಕಲಿಲ್ಲ. ತನ್ನ ಆಟದಿಂದ ಬೇರೆಯವರು ಲಕ್ಷಗಟ್ಟಲೆ ಗಳಿಸಿದರು, ತಾನು ಮಾತ್ರ ಆಡಲು ಪ್ರವೇಶ ಶುಲ್ಕ ಕಟ್ಟುತ್ತಾ ಬಂದೆ ಎಂದು ಸ್ಪಷ್ಟವಾಗಿ ಹೇಳಿದಳು. ಮದುವೆ ಮನೆಯಲ್ಲಿ ಮೂರು ದಿನ ಬೆನ್ನು ಬಗ್ಗಿಸಿ ದುಡಿದು, ಕೊನೆಗೆ ನಾವೇ ಮುಯ್ಯಿ ಕೊಟ್ಟು ಬರುವುದಿಲ್ಲವೇ, ಹಾಗೇ!

ಟೆಂಟ್ ನಾಟಕದವರ ಹಾಗೆ

ಹಣಕ್ಕೆ ಆಡಲು ಹೊರಟವರ ಬಾಳೇನೂ ಸುಖದ್ದಾಗಿರಲಿಲ್ಲ. ನಮ್ಮ ಕಂಪನಿ ನಾಟಕದವರು ಪರದೆ, ಪೆಟ್ಟಿಗೆ ಕಟ್ಟಿಕೊಂಡು ಊರಿಂದೂರಿಗೆ ಹೋಗುತ್ತಿದ್ದರಲ್ಲ, ಅವರದೂ ಅದೇ ಪಾಡು. ಕ್ಯಾನ್‌ವಾಸಿನ ಕೋರ್ಟನ್ನೇ ಸುತ್ತಿಕೊಂಡು ಹೋಗಿ, ಸಿಕ್ಕ ಸಭಾಂಗಣದಲ್ಲಿ ಹಾಸಿ, ರಾತ್ರಿ ಆಡಿ, ಮತ್ತೆ ಸುತ್ತಿಕೊಂಡು ಮುಂದಿನ ಊರಿಗೆ ಹೊರಡುವುದು.

ಅವರಲ್ಲಿ ಪಾಂಚೋ ಗೊನ್ಸಾಲೆಸ್ ಎಂಬಾತನ ಕಥೆ ಕೇಳಿ. ಲಾಸ್ ಏಂಜಲೀಸಿನ ಬಡ ಮೆಕ್ಸಿಕನ್ ಕುಟುಂಬದ ಹುಡುಗ. ಹನ್ನೆರಡನೇ ವಯಸ್ಸಿನಲ್ಲಿ ಅಮ್ಮ ಕೊಡಿಸಿದ್ದು 51 ಸೆಂಟಿನ ರ್‍ಯಾಕೆಟ್. ಅಂದರೆ ಅರ್ಧ ಡಾಲರಿಗಿಂತ ಒಂದು ಕಾಸು ಹೆಚ್ಚು! ಅದರಲ್ಲೇ ಕಲಿತು 1948 ಮತ್ತು 1949ರಲ್ಲಿ ಅಮೆರಿಕದ ಚಾಂಪಿಯನ್ ಆದ. 21ನೇ ವಯಸ್ಸಿಗೆ ವೃತ್ತಿಪರನಾದ. ಅಲ್ಲಿಂದ ಸುಮಾರು ಹತ್ತೊಂಬತ್ತು ವರ್ಷ ದೊಡ್ಡ ಪಂದ್ಯಾವಳಿಗಳ ಗೇಟು ಆತನಿಗೆ ಮುಚ್ಚಿತ್ತು. ಕೊನೆಗೆ ಗೇಟು ತೆರೆದಾಗ, 1969ರ ವಿಂಬಲ್ಡನ್‌ನಲ್ಲಿ, 41 ವರ್ಷದ ಆತ ತನಗಿಂತ ಬಹಳ ಚಿಕ್ಕವನಾದ ಪಸರೆಲ್ ಎಂಬ ಆಟಗಾರನ ಎದುರು 112 ಗೇಮ್‌ಗಳ ಪಂದ್ಯ ಆಡಿ ಗೆದ್ದ. ಐದು ಗಂಟೆ ಹನ್ನೆರಡು ನಿಮಿಷ, ಎರಡು ದಿನದ ಹೋರಾಟ! ನಲವತ್ತಾದ ಮೇಲೆ ಎಲ್ಲಾ ಮುಗೀತು ಎನ್ನುವವರಿಗೆ ಈ ಪಂದ್ಯದ ಕಥೆ ಹೇಳಬೇಕು.

ಆಸ್ಟ್ರೇಲಿಯಾದ ರಾಡ್ ಲೇವರ್ 1962ರಲ್ಲಿ ನಾಲ್ಕೂ ದೊಡ್ಡ ಪ್ರಶಸ್ತಿ ಗೆದ್ದವನು. ಹಣಕ್ಕೆ ಆಡತೊಡಗಿದ ತಪ್ಪಿಗೆ ಐದು ವರ್ಷ ವಿಂಬಲ್ಡನ್‌ನಿಂದ ಹೊರಗೆ. 1968ರಲ್ಲಿ ನಿಯಮ ಬದಲಾಗಿ ಎಲ್ಲರಿಗೂ ಪ್ರವೇಶ ಸಿಕ್ಕಿತು. ಅದೇ ವರ್ಷ ಬಂದು ಗೆದ್ದ. 1969ರಲ್ಲಿ ಮತ್ತೆ ನಾಲ್ಕನ್ನೂ ಗೆದ್ದ!

ನಮ್ಮ ದೇಶದ ರಾಮನಾಥನ್ ಕೃಷ್ಣನ್ ಅವರನ್ನೂ ಇಲ್ಲಿ ನೆನೆಯಬೇಕು. 1960 ಮತ್ತು 1961ರಲ್ಲಿ ವಿಂಬಲ್ಡನ್ ಸೆಮಿಫೈನಲ್ ಮುಟ್ಟಿದವರು. ಅವರಿಗೂ ವೃತ್ತಿಪರನಾಗಲು ದೊಡ್ಡ ಮೊತ್ತದ ಕರೆ ಬಂದಿತ್ತು. ಒಪ್ಪಿದ್ದರೆ ದೇಶದ ಪರವಾಗಿ ಡೇವಿಸ್ ಕಪ್ ಆಡುವಂತಿರಲಿಲ್ಲ. ಬೇಡ ಎಂದರು. 1966ರಲ್ಲಿ ಭಾರತ ಡೇವಿಸ್ ಕಪ್ ಫೈನಲ್ ತಲುಪಿದ್ದು ಅವರ ಆಟದಿಂದಲೇ. ದೊಡ್ಡ ಮನಸ್ಸು, ಒಪ್ಪೋಣ. ಆದರೆ ದೇಶವೋ ಸಂಪಾದನೆಯೋ, ಎರಡರಲ್ಲಿ ಒಂದನ್ನು ಆರಿಸು ಎಂದು ಆಟಗಾರನನ್ನು ನಿಲ್ಲಿಸಿದ ಆ ನಿಯಮ ಸರಿಯೇ? ನೀವೇ ಹೇಳಿ.

ಒಂದು ಡಾಲರಿನ ಸಹಿ

ಎಲ್ಲರಿಗೂ ಬಾಗಿಲು ತೆರೆಯಿತು ಅಂದೆನಲ್ಲ, ತೆರೆದದ್ದು ಹೇಗೆ ಗೊತ್ತೇ? 1968ರ ವಿಂಬಲ್ಡನ್‌ನಲ್ಲಿ ಗಂಡಸರ ಚಾಂಪಿಯನ್ ಲೇವರ್‌ಗೆ 2,000 ಪೌಂಡ್. ಹೆಂಗಸರ ಚಾಂಪಿಯನ್ ಬಿಲ್ಲಿ ಜೀನ್ ಕಿಂಗ್‌ಗೆ 750 ಪೌಂಡ್! ಗದ್ದೆಯಲ್ಲಿ ನಾಟಿ ಮಾಡುವ ಹೆಣ್ಣಾಳಿಗೆ ಒಂದು ಕೂಲಿ, ಗಂಡಾಳಿಗೆ ಇನ್ನೊಂದು ಕೂಲಿ ಎನ್ನುವುದು ನಮ್ಮೂರಿನ ಕಥೆ ಮಾತ್ರ ಅಲ್ಲ ನೋಡಿ.

ಬಿಲ್ಲಿ ಜೀನ್ ಅಗ್ನಿಶಾಮಕ ದಳದ ನೌಕರನ ಮಗಳು. ಚಿಕ್ಕಂದಿನಲ್ಲಿ ಅಕ್ಕಪಕ್ಕದವರ ಸಣ್ಣಪುಟ್ಟ ಕೆಲಸ ಮಾಡಿಕೊಟ್ಟು, ಕೂಡಿಟ್ಟ ಸುಮಾರು ಎಂಟು ಡಾಲರಿನಲ್ಲಿ ಮೊದಲ ರ್‍ಯಾಕೆಟ್ ಕೊಂಡವಳು. 1970ರಲ್ಲಿ ಲಾಸ್ ಏಂಜಲೀಸಿನ ಪಂದ್ಯಾವಳಿಯೊಂದು ಗೆದ್ದ ಗಂಡಸಿಗೆ 12,500 ಡಾಲರ್, ಗೆದ್ದ ಹೆಂಗಸಿಗೆ 1,500 ಡಾಲರ್ ಎಂದು ಘೋಷಿಸಿದಾಗ ಹೆಂಗಸರ ತಾಳ್ಮೆ ಕಟ್ಟೊಡೆಯಿತು. ಟೆನಿಸ್ ಪತ್ರಿಕೆಯೊಂದನ್ನು ನಡೆಸುತ್ತಿದ್ದ ಗ್ಲಾಡಿಸ್ ಹೆಲ್ಡ್‌ಮನ್ ಎಂಬ ಗಟ್ಟಿಗಿತ್ತಿ ಅವರ ಬೆನ್ನಿಗೆ ನಿಂತರು. 1970ರ ಸೆಪ್ಟೆಂಬರ್ 23ರಂದು ಹ್ಯೂಸ್ಟನ್ ನಗರದಲ್ಲಿ ಒಂಬತ್ತು ಮಂದಿ ಆಟಗಾರ್ತಿಯರು ತಲಾ ಒಂದು ಡಾಲರಿನ ಕರಾರಿಗೆ ಸಹಿ ಹಾಕಿ ತಮ್ಮದೇ ಪಂದ್ಯಾವಳಿ ಶುರು ಮಾಡಿದರು. ಗ್ಲಾಡಿಸ್ ಅವರ ಮಗಳೂ ಆ ಒಂಬತ್ತರಲ್ಲಿ ಒಬ್ಬಳು. ದುಡ್ಡು ಹಾಕಿದ್ದು ಒಂದು ಸಿಗರೇಟು ಕಂಪನಿ. ಅದು ಮೆಚ್ಚುವ ಮಾತೇನಲ್ಲ, ಆದರೆ ಆಗ ತೆರೆದ ಬಾಗಿಲು ಅದೇ. ಅಮೆರಿಕದ ಟೆನಿಸ್ ಸಂಘ ಅವರನ್ನು ಅಮಾನತು ಮಾಡಿತು. ಮುಂದೆ ಆಡಲು ಎಲ್ಲಾದರೂ ಅವಕಾಶ ಸಿಗುತ್ತದೆಯೋ ಇಲ್ಲವೋ ತಿಳಿಯದೇ ಹಾಕಿದ ಸಹಿ ಅದು! ಒಂದು ವರ್ಷ ಕಳೆಯಿತು ಅಷ್ಟೇ. 1971ರಲ್ಲಿ ಬಿಲ್ಲಿ ಜೀನ್ ಒಂದೇ ವರ್ಷದಲ್ಲಿ ಒಂದು ಲಕ್ಷ ಡಾಲರಿಗೂ ಹೆಚ್ಚು ಗಳಿಸಿದ ಮೊದಲ ಕ್ರೀಡಾಪಟು ಹೆಂಗಸಾದಳು.

1972ರ ಅಮೆರಿಕನ್ ಓಪನ್ ಗೆದ್ದಾಗ ಆಕೆಗೆ ಸಿಕ್ಕಿದ್ದು 10,000 ಡಾಲರ್, ಗಂಡಸರ ಚಾಂಪಿಯನ್‌ಗೆ 25,000. ಹೀಗೇ ಆದರೆ ಮುಂದಿನ ವರ್ಷ ನಾವು ಬರುವುದಿಲ್ಲ ಎಂದಳು. ಬರೀ ಮುನಿಸಿಕೊಂಡು ಕೂರಲಿಲ್ಲ, ಕೊರತೆಯ ಹಣ ತುಂಬಿಕೊಡುವ ಕಂಪನಿಯನ್ನು ಹುಡುಕಲು ನೆರವಾದಳು. 1973ರಲ್ಲಿ ಇಬ್ಬರು ಚಾಂಪಿಯನ್‌ಗಳಿಗೂ ಸರಿಸಮ, 25,000 ಡಾಲರ್!

ಅದೇ ವರ್ಷ 55ರ ಹಳೆಯ ಚಾಂಪಿಯನ್ ಬಾಬಿ ರಿಗ್ಸ್, “ಹೆಂಗಸರ ಆಟವೂ ಒಂದು ಆಟವೇ?” ಎನ್ನುವ ಧಾಟಿಯಲ್ಲಿ ಸವಾಲು ಹಾಕುತ್ತಾ ತಿರುಗುತ್ತಿದ್ದ. ಮೊದಲು ಮಾರ್ಗರೆಟ್ ಕೋರ್ಟ್ ಅವರನ್ನು ಸೋಲಿಸಿಯೂ ಬಿಟ್ಟ. ಸೆಪ್ಟೆಂಬರ್ 20ರಂದು 29 ವರ್ಷದ ಬಿಲ್ಲಿ ಜೀನ್ ಎದುರಾದಳು. ಕೂತು ನೋಡಿದವರು 30,472 ಜನ. ಆಕೆ ಅವನನ್ನು ಮೂಲೆಯಿಂದ ಮೂಲೆಗೆ ಓಡಿಸಿ 6-4, 6-3, 6-3ರಲ್ಲಿ ಸೋಲಿಸಿದಳು. ಇನ್ನೊಂದು ಮಾತು ಕೇಳಿ. ಆ ಕಾಲದ ಅಮೆರಿಕದಲ್ಲೂ ಹೆಂಗಸು ಸಾಲಕ್ಕೋ ಕ್ರೆಡಿಟ್ ಕಾರ್ಡಿಗೋ ಹೋದರೆ ಗಂಡನ ಸಹಿ ಕೇಳುವ ಬ್ಯಾಂಕುಗಳಿದ್ದವು. ಅದನ್ನು ತಡೆಯುವ ಕಾನೂನು ಬಂದದ್ದು 1974ರಲ್ಲಿ.

ಕಬ್ಬನ್ ಪಾರ್ಕಿಗೆ ಬಂದ ಅಕ್ಕ-ತಂಗಿ

ವಿಂಬಲ್ಡನ್ ಮಾತ್ರ ಬಹಳ ವರ್ಷ ಬಗ್ಗಲಿಲ್ಲ. ಅಲ್ಲಿ ಗಂಡು-ಹೆಣ್ಣಿಗೆ ಸಮಾನ ಬಹುಮಾನ ಬಂದದ್ದು 2007ರಲ್ಲಿ! ಆ ಮೊದಲ ಸಮಾನ ಬಹುಮಾನ ಪಡೆದವಳು ವೀನಸ್ ವಿಲಿಯಮ್ಸ್. ಮರುವರ್ಷ, 2008ರ ಮಾರ್ಚಿನಲ್ಲಿ, ಅದೇ ವೀನಸ್ ಮತ್ತು ತಂಗಿ ಸೆರೀನಾ ನಮ್ಮ ಬೆಂಗಳೂರಿಗೆ ಬಂದು ಕಬ್ಬನ್ ಪಾರ್ಕಿನ ಟೆನಿಸ್ ಕೋರ್ಟಿನಲ್ಲಿ ಆಡಿದರು. ಸೆಮಿಫೈನಲ್‌ನಲ್ಲಿ ತಂಗಿ ಅಕ್ಕನನ್ನು ಸೋಲಿಸಿದಳು, ಫೈನಲ್‌ನಲ್ಲಿ ಸ್ವಿಟ್ಜರ್ಲೆಂಡಿನ ಪ್ಯಾಟಿ ಶ್ನೈಡರ್ ಅವರನ್ನು ಗೆದ್ದಳು. ಒಂದು ಡಾಲರಿಗೆ ಸಹಿ ಹಾಕಿದ ಆ ಒಂಬತ್ತು ಮಂದಿ ಇಲ್ಲದಿದ್ದರೆ ಹೆಂಗಸರಿಗೇ ಮೀಸಲಾದ ಅಂಥದೊಂದು ಪಂದ್ಯಾವಳಿ ನಮ್ಮೂರಿಗೆ ಬರುತ್ತಿತ್ತೇ?

ನಾನಿರುವ ಜಯನಗರದಲ್ಲಿ, ಆಚೆ ಬನಶಂಕರಿ, ಜೆ.ಪಿ. ನಗರದಲ್ಲಿ ಈಗ ಸಂಜೆಯಾದರೆ ಸ್ಕೂಟರಿನ ಹಿಂದೆ ಬೆನ್ನಿಗೆ ರ್‍ಯಾಕೆಟ್ ಚೀಲ ಹಾಕಿಕೊಂಡು ಕೂತ ಪುಟಾಣಿಗಳನ್ನು ನೋಡಬಹುದು. ಸ್ಕೂಟರ್ ಓಡಿಸುವವರು ಹೆಚ್ಚಾಗಿ ಅಮ್ಮಂದಿರೇ. ಒಂದು ಕೈಚೀಲದಲ್ಲಿ ನೀರಿನ ಬಾಟಲಿ, ಬಾಳೆಹಣ್ಣು, ಚಪಾತಿ ಸುರುಳಿ. ಮಗು ಆಡುವಷ್ಟು ಹೊತ್ತು ಬೆಂಚಿನ ಮೇಲೆ ಕೂತು ಹುರುಳಿಕಾಯಿ ಸೋಸುವವರೂ ಇದ್ದಾರೆ! ಇವರ ಈ ದುಡಿಮೆಯನ್ನು ಯಾವ ಸ್ಕೋರ್ ಬೋರ್ಡಿನಲ್ಲೂ ಬರೆಯುವುದಿಲ್ಲ. 1973ರಲ್ಲಿ ಅಮೆರಿಕನ್ ಓಪನ್‌ನಲ್ಲಿ ಲೇವರ್‌ನನ್ನೇ ಸೋಲಿಸಿದ ನಮ್ಮ ವಿಜಯ್ ಅಮೃತರಾಜ್ ಬಾಲ್ಯದಲ್ಲಿ ರೋಗಿಷ್ಠ ಹುಡುಗ. ಅವರ ತಾಯಿ ಮ್ಯಾಗಿ ಅವರು ಮದರಾಸಿನಲ್ಲಿ ರಟ್ಟಿನ ಪೆಟ್ಟಿಗೆ ಕಾರ್ಖಾನೆ ನಡೆಸಿ ಮೂರು ಗಂಡುಮಕ್ಕಳನ್ನು ಆಟಗಾರರನ್ನಾಗಿ ಮಾಡಿದವರು. ಕೊಡಗಿನ ಕಾಫಿ ತೋಟದ ಮನೆಯಲ್ಲಿ ಬೆಳೆದ ನಮ್ಮ ರೋಹನ್ ಬೋಪಣ್ಣ 2024ರಲ್ಲಿ, 43ನೇ ವಯಸ್ಸಿನಲ್ಲಿ, ಆಸ್ಟ್ರೇಲಿಯನ್ ಓಪನ್ ಡಬಲ್ಸ್ ಗೆದ್ದು ಡಬಲ್ಸ್‌ನಲ್ಲಿ ಜಗತ್ತಿನ ಒಂದನೇ ಸ್ಥಾನಕ್ಕೇರಿದರು.

ನಿಮ್ಮ ಮಗಳು ಆಡುತ್ತೇನೆಂದರೆ

ಬೇಡ ಅನ್ನಬೇಡಿ. ಮೊದಲೇ ದುಬಾರಿ ರ್‍ಯಾಕೆಟ್ ಕೊಳ್ಳುವುದೂ ಬೇಡ. ಮಗುವಿನ ಎತ್ತರಕ್ಕೆ ತಕ್ಕ, ಕೈಗೆ ಭಾರವಾಗದ ರ್‍ಯಾಕೆಟ್ ಸಾಕು, ಬಳಸಿದ್ದಾದರೂ ಆದೀತು. ಮೆತ್ತಗಿನ ಚೆಂಡು ಸಿಗುತ್ತದೆ, ಗೋಡೆಗೆ ಹೊಡೆದು ಕಲಿಯಲಿ. ಕಾಲಿಗೆ ಮಾತ್ರ ಒಳ್ಳೇ ಬೂಟು ಇರಲಿ, ಬಿಸಿಲಿಗೆ ಟೋಪಿ, ಕುಡಿಯಲು ಸಾಕಷ್ಟು ನೀರು. “ಹೆಣ್ಣು ಮಗು, ಕಪ್ಪಾಗ್ತಾಳೆ” ಎಂದು ಅತ್ತೆಯವರೋ ಓರಗಿತ್ತಿಯೋ ಅಂದರೆ ನಕ್ಕು ಸುಮ್ಮನಾಗಿ. ಎಲ್ಲರೂ ಚಾಂಪಿಯನ್ ಆಗುವುದಿಲ್ಲ, ನಿಜ. ಆದರೆ ಸೋತ ಮೇಲೂ ನೆಟ್ ಹತ್ತಿರ ಹೋಗಿ ಕೈಕುಲುಕುವುದನ್ನು ಎಲ್ಲರೂ ಕಲಿಯುತ್ತಾರೆ.

ಇನ್ನು ನಮ್ಮ ಮಾತು. ಗಂಡ-ಮಕ್ಕಳಿಗೆ ಅಡುಗೆ ಮಾಡಿ ಹಾಕಿ ಬಿಲ್ ಕೊಡಿ ಎಂದು ನಾನು ಹೇಳುತ್ತಿಲ್ಲ. ಆದರೆ ನೀವು ಹೊಲಿದು ಕೊಟ್ಟ ರವಿಕೆಗೆ, ಮಾಡಿಕೊಟ್ಟ ಹಪ್ಪಳ-ಸಂಡಿಗೆಗೆ, ಹೇಳಿಕೊಟ್ಟ ಪಾಠಕ್ಕೆ ಹಣ ಕೇಳಲು ನಾಚಿಕೆ ಏಕೆ? “ನಮ್ಮವರೇ ಅಲ್ವೇ, ಪ್ರೀತಿಯಿಂದ ಮಾಡಿಕೊಡಿ” ಎನ್ನುವವರು ಅಂಗಡಿಯವನ ಹತ್ತಿರ ಹಾಗೆ ಹೇಳುತ್ತಾರೆಯೇ? ಒಂದು ನೋಟ್‌ಬುಕ್ಕಿನಲ್ಲಿ ಸಾಮಾನಿನ ಖರ್ಚಿನ ಜೊತೆ ನಿಮ್ಮ ಸಮಯವನ್ನೂ ಬರೆದಿಡಿ. ಒಂದು ತಿಂಗಳಾದ ಮೇಲೆ ತೆಗೆದು ನೋಡಿ. ನಿಮ್ಮ ಹೆಸರಿನಲ್ಲೇ ಒಂದು ಬ್ಯಾಂಕ್ ಖಾತೆ ಇರಲಿ, ಅದರ ಪಾಸ್‌ಬುಕ್ ನಿಮ್ಮ ಕೈಯಲ್ಲೇ ಇರಲಿ.

ಲಾಂಗ್ಲೆನ್ ಆಗಲಿ, ಬಿಲ್ಲಿ ಜೀನ್ ಆಗಲಿ ಆಟವನ್ನು ಪ್ರೀತಿಸಲಿಲ್ಲ ಎಂದು ಯಾರೂ ಹೇಳಲಾರರು. ಪ್ರೀತಿ ಇದ್ದದ್ದಕ್ಕೇ ಅಷ್ಟು ಚೆನ್ನಾಗಿ ಆಡಿದರು. ಕೂಲಿ ಕೇಳಿದ್ದರಿಂದ ಆ ಪ್ರೀತಿ ಒಂದು ತೊಲವೂ ಕಡಿಮೆಯಾಗಲಿಲ್ಲ. ಪ್ರೀತಿಗೆ ಸೊನ್ನೆ ಹಾಕುವ ಲೆಕ್ಕ ಟೆನಿಸ್ ಕೋರ್ಟಿನಲ್ಲಿ ಇರಲಿ, ನಮ್ಮ ಮನೆಗಳಲ್ಲಿ ಬೇಡ. ಏನಂತೀರಿ?